ಮುಳುಗುಬಾತಿಗೆ ಬೇಕಾದದ್ದು ಕೆರೆಯ ತಳ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬಾತುಗಳ ಬಗ್ಗೆ ಕಳಿಸಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ನೀರಿನಡಿ ಮುಳುಗಿ ಮೇಯುವ ಬಾತುಗಳು ಜಗತ್ತಿನ ಹಲವು ಕಡೆ ಅಳಿವಿನ ಅಂಚಿಗೆ ಬಂದಿವೆ. ಕಾರಣ ಹುಡುಕುತ್ತಾ ಹೋದರೆ ಬೇಟೆ, ಬಲೆ, ರೋಗ ಎಲ್ಲವೂ ಸಿಗುತ್ತವೆ. ಆದರೆ ಹೆಚ್ಚಿನ ಕಡೆ ಮೊದಲು ಕೆಟ್ಟದ್ದು ಕೆರೆಯ ತಳ. ಕೆಳಗಿನ ಉತ್ತರಗಳಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ, ಬರಲೇಬೇಕು.

ಪ್ರಶ್ನೆ: ಚಳಿಗಾಲದಲ್ಲಿ ನಮ್ಮೂರ ಕೆರೆಯ ನಡುವೆ ಒಂದಷ್ಟು ಬಾತುಗಳು ಹಗಲೆಲ್ಲ ಕೊಕ್ಕು ಬೆನ್ನಿಗೆ ಸಿಕ್ಕಿಸಿಕೊಂಡು ನಿದ್ದೆ ಮಾಡುತ್ತಾ ತೇಲುತ್ತಿರುತ್ತವೆ. ಇವಕ್ಕೆ ಕಾಯಿಲೆಯೇ? ಇವೇ ಮುಳುಗುಬಾತುಗಳೇ? — ಅರಸೀಕೆರೆ ತಾಲ್ಲೂಕಿನ ಓದುಗರು

ಉತ್ತರ: ಕಾಯಿಲೆಯಲ್ಲ. ರಾತ್ರಿ ಮೇಯುವ ಬಾತುಗಳು ಹಗಲು ಹೀಗೇ ಇರುತ್ತವೆ. ಆದರೆ ಹಗಲು ನಿದ್ದೆ ಮಾಡುವುದೆಲ್ಲ ಮುಳುಗುಬಾತಲ್ಲ. ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿರುವ ಶಿಳ್ಳೆ ಬಾತುಗಳೂ, ಚಳಿಗಾಲಕ್ಕೆ ಬರುವ ಬಿಳಿಹುಬ್ಬಿನ ಬಾತುಗಳೂ ಹಗಲು ನೀರ ನಡುವೆ ವಿಶ್ರಮಿಸಿ, ಕತ್ತಲಾದ ಮೇಲೆ ಗದ್ದೆಗೂ ಕೆರೆಯಂಚಿಗೂ ಹಾರಿ ಮೇಯುತ್ತವೆ.

ಮುಳುಗುಬಾತನ್ನು ಗುರುತಿಸಲು ಮೊದಲು ಬಾಲ ನೋಡಿ. ಚುಕ್ಕೆಕೊಕ್ಕಿನ ಬಾತು, ಸೂಜಿಬಾಲದ ಬಾತು ಮುಂತಾದವು ನೀರಿನ ಮೇಲೆ ಎತ್ತರವಾಗಿ ಕೂರುತ್ತವೆ, ಬಾಲ ನೀರಿನಿಂದ ಮೇಲಕ್ಕಿರುತ್ತದೆ. ಮುಳುಗುಬಾತು ತಗ್ಗಾಗಿ ತೇಲುತ್ತದೆ. ಬೆನ್ನು ದುಂಡಗೆ, ಬಾಲ ನೀರಿಗೆ ತಾಗಿರುತ್ತದೆ. ಎರಡನೆಯದು ಮೇಯುವ ಬಗೆ. ಸಾಮಾನ್ಯ ಬಾತು ತಲೆ ಕೆಳಗೆ ಮಾಡಿ ಹಿಂಭಾಗವನ್ನು ಮೇಲೆ ಬಿಟ್ಟು ನಿಲ್ಲುತ್ತದೆ, ಮುಳುಗುಬಾತು ಚಿಕ್ಕದಾಗಿ ಜಿಗಿದಂತೆ ಮಾಡಿ ಪೂರ್ತಿ ಕಾಣೆಯಾಗುತ್ತದೆ. ಮೂರನೆಯದು ಹಾರುವಾಗ ತಿಳಿಯುತ್ತದೆ. ಸಾಮಾನ್ಯ ಬಾತು ನಿಂತ ಜಾಗದಿಂದಲೇ ನೆಟ್ಟಗೆ ಮೇಲೇಳುತ್ತದೆ. ಮುಳುಗುಬಾತಿಗೆ ಮೈಭಾರಕ್ಕೆ ಹೋಲಿಸಿದರೆ ರೆಕ್ಕೆ ಚಿಕ್ಕದು, ಹಾಗಾಗಿ ನೀರ ಮೇಲೆ ಪಟಪಟನೆ ಓಡಿ ವೇಗ ಪಡೆದೇ ಏಳಬೇಕು.

ಜಾತಿ ಹೇಳಲು ಗಂಡುಗಳನ್ನು ನೋಡುವುದು ಸುಲಭ. ಇಟ್ಟಿಗೆಗೆಂಪು ತಲೆ, ಕಪ್ಪು ಎದೆ, ಬೂದು ಬೆನ್ನು ಇದ್ದರೆ ಸಾಮಾನ್ಯ ಪೋಚಾರ್ಡ್. ಮೈಯೆಲ್ಲ ಕಪ್ಪು, ಪಕ್ಕೆ ಅಚ್ಚ ಬಿಳಿ, ಹಳದಿ ಕಣ್ಣು, ಹಿಂದಲೆಯಿಂದ ಇಳಿಬಿದ್ದ ಜುಟ್ಟು ಇದ್ದರೆ ಜುಟ್ಟಿನ ಬಾತು. ಮೈ ಗಾಢ ಕಗ್ಗೆಂಪು, ಬಾಲದಡಿ ಬಿಳಿ, ಕಣ್ಣೂ ಬಿಳಿ ಇದ್ದರೆ ಬಿಳಿಗಣ್ಣಿನ ಪೋಚಾರ್ಡ್. ಗುಳುಮುಳುಕ, ನೀರುಕಾಗೆ, ನಾಮದ ಕೋಳಿ ಕೂಡ ಮುಳುಗುತ್ತವೆ, ಆದರೆ ಅವು ಬಾತಿನ ಕುಲವಲ್ಲ. ಬೆಳಗಿನ ಮೊದಲ ಬೆಳಕಿನಲ್ಲಿ ಅಥವಾ ಸಂಜೆ ಸೂರ್ಯ ಇಳಿದ ಮೇಲೆ ಏರಿಯ ಮೇಲೆ ಕೂತು ನೋಡಿ. ಮಧ್ಯಾಹ್ನ ನೋಡಿದರೆ ನಿದ್ದೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಸಾಮಾನ್ಯ ಪೋಚಾರ್ಡ್ ಹೆಸರಿಗೆ ಮಾತ್ರ ಸಾಮಾನ್ಯ. ಅಂತರರಾಷ್ಟ್ರೀಯ ಕೆಂಪು ಪಟ್ಟಿ 2015ರಿಂದ ಅದನ್ನು ಅಪಾಯಕ್ಕೆ ಸಿಲುಕಿದ ಪಕ್ಷಿಗಳ ಸಾಲಿಗೆ ಸೇರಿಸಿದೆ. ಬಿಳಿಗಣ್ಣಿನದು ಆ ಸಾಲಿನ ಹೊಸ್ತಿಲಲ್ಲಿದೆ.

ಪ್ರಶ್ನೆ: ಬಾತು ಇಷ್ಟು ಹಗುರವಾಗಿ ತೇಲುತ್ತದೆ, ಹಾಗಿದ್ದೂ ಮುಳುಗುವುದು ಹೇಗೆ? ಎಷ್ಟು ಆಳ? — ಚಿಕ್ಕಮಗಳೂರಿನ ಪದವಿ ವಿದ್ಯಾರ್ಥಿನಿ

ಉತ್ತರ: ತೇಲಿಸುವುದು ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿ. ಮುಳುಗುವ ಮುನ್ನ ಹಕ್ಕಿ ಗರಿಗಳನ್ನು ಮೈಗೆ ಒತ್ತಿ ಆ ಗಾಳಿಯಲ್ಲಿ ಒಂದಷ್ಟನ್ನು ಹೊರಗೆ ಹಾಕುತ್ತದೆ. ಹತ್ತಿರದಿಂದ ನೋಡಿದರೆ ಮುಳುಗುವ ಕ್ಷಣಕ್ಕೆ ಮುಂಚೆ ಅದು ಸಣಕಲಾದಂತೆ ಕಾಣುವುದು ಇದಕ್ಕೇ. ಕಾಲುಗಳು ಮೈಯ ತೀರಾ ಹಿಂದಕ್ಕಿವೆ, ಪಾದ ಅಗಲ, ಹಿಂಬೆರಳಿಗೂ ಚಪ್ಪಟೆಯಾದ ಚರ್ಮದ ಅಂಚಿದೆ. ರೆಕ್ಕೆ ಮುಚ್ಚಿಕೊಂಡು ಕಾಲಿನಿಂದಲೇ ತಳ್ಳಿಕೊಂಡು ಕೆಳಗೆ ಹೋಗುತ್ತದೆ. ಕಾಲು ನಿಂತರೆ ಉಳಿದ ಗಾಳಿ ಅದನ್ನು ಮೇಲೆತ್ತಿಬಿಡುತ್ತದೆ, ಹಾಗಾಗಿ ತಳದಲ್ಲಿ ಮೇಯುವಾಗಲೂ ಕಾಲು ಆಡುತ್ತಲೇ ಇರಬೇಕು.

ಪೋಚಾರ್ಡ್ ಹೆಚ್ಚಾಗಿ 1ರಿಂದ 2.5 ಮೀಟರ್ ಆಳದ ನೀರಿನಲ್ಲಿ ಮೇಯುತ್ತದೆ. ಒಂದು ಮುಳುಗಿಗೆ 15ರಿಂದ 30 ಸೆಕೆಂಡು. ಇನ್ನೂ ಆಳಕ್ಕೆ ಹೋಗಬಲ್ಲದು, ಆದರೆ ಆಳ ಹೆಚ್ಚಿದಷ್ಟೂ ಹೋಗಿಬರುವುದಕ್ಕೇ ಉಸಿರು ಖರ್ಚಾಗಿ ತಿನ್ನಲು ಸಮಯ ಉಳಿಯುವುದಿಲ್ಲ. ತಳದಲ್ಲಿ ಅದು ಹುಡುಕುವುದು ನೀರ್ಗಿಡಗಳ ಬೀಜ, ಗೆಡ್ಡೆ, ಎಳೆ ಚಿಗುರು, ಬಸವನಹುಳು, ಕೆಸರಿನೊಳಗಿನ ಕೆಂಪು ಹುಳು. ಕಣ್ಣಿಗಿಂತ ಹೆಚ್ಚಾಗಿ ಕೊಕ್ಕಿನ ಸ್ಪರ್ಶದಿಂದ, ಕೆಸರನ್ನು ಸೋಸಿ ತಿನ್ನುವುದರಿಂದ ಕತ್ತಲಲ್ಲೂ ಕೆಲಸ ನಡೆಯುತ್ತದೆ.

ಪ್ರಶ್ನೆ: ಅಳಿದುಹೋಯಿತು ಎಂದುಕೊಂಡಿದ್ದ ಬಾತೊಂದು ಮಡಗಾಸ್ಕರ್‌ನಲ್ಲಿ ಮತ್ತೆ ಸಿಕ್ಕಿತಂತೆ. ಅದನ್ನು ಹೇಗೆ ಉಳಿಸಿದರು? ಅದರಿಂದ ನಮ್ಮ ಕೆರೆಗಳಿಗೆ ಏನಾದರೂ ಕಲಿಯುವುದಿದೆಯೇ? ಮಕ್ಕಳಿಗೆ ಹೇಳಬೇಕಿದೆ. — ಕಡೂರಿನ ಪ್ರೌಢಶಾಲಾ ಶಿಕ್ಷಕಿ

ಉತ್ತರ: ಅದು ಮಡಗಾಸ್ಕರ್ ಪೋಚಾರ್ಡ್. ನಮ್ಮಲ್ಲಿಗೆ ಬರುವ ಬಿಳಿಗಣ್ಣಿನ ಪೋಚಾರ್ಡಿನ ಹತ್ತಿರದ ನೆಂಟ. ಅದೇ ಕಗ್ಗೆಂಪು ಮೈ, ಗಂಡಿಗೆ ಅದೇ ಬಿಳಿ ಕಣ್ಣು. ಅದರ ಮನೆ ಆ ದ್ವೀಪದ ಅತಿ ದೊಡ್ಡ ಸರೋವರವಾದ ಅಲಾವೋಟ್ರಾ. ಸುತ್ತಲ ಗುಡ್ಡಗಳ ಕಾಡು ಕಡಿದದ್ದರಿಂದ ಮಣ್ಣು ಕೊಚ್ಚಿ ಬಂದು ನೀರು ರಾಡಿಯಾಯಿತು. ಅಂಚಿನ ಜೊಂಡುಕಾಡು ಭತ್ತದ ಗದ್ದೆಯಾಯಿತು. ಹೊರಗಿನಿಂದ ತಂದು ಬಿಟ್ಟ ಮೀನುಗಳು ನೀರ್ಗಿಡಗಳನ್ನೂ ಹುಳುಗಳನ್ನೂ ಖಾಲಿ ಮಾಡಿದವು. ನೈಲಾನ್ ಬಲೆಗಳಲ್ಲಿ ಹಕ್ಕಿಗಳು ಸಿಕ್ಕಿ ಸತ್ತವು. 1991ರಲ್ಲಿ ಅಲ್ಲಿ ಒಂದೇ ಒಂದು ಗಂಡು ಸಿಕ್ಕಿತು. ಅದನ್ನು ರಾಜಧಾನಿ ಅಂಟಾನನರಿವೋದ ಉದ್ಯಾನದಲ್ಲಿ ಸಾಕಿದರು, 1992ರಲ್ಲಿ ಸತ್ತಿತು. ಅಲ್ಲಿಗೆ ಎಲ್ಲ ಮುಗಿಯಿತು ಎಂದೇ ಬಹಳ ಮಂದಿ ಭಾವಿಸಿದರು. ಅದೇ ಸರೋವರದಲ್ಲಿ ಮುಳುಗಿ ಮೇಯುತ್ತಿದ್ದ ಅಲಾವೋಟ್ರಾ ಗುಳುಮುಳುಕ ನಿಜಕ್ಕೂ ಮುಗಿದುಹೋಯಿತು. 2010ರಲ್ಲಿ ಅದು ಅಳಿದಿದೆ ಎಂದು ಘೋಷಿಸಲಾಯಿತು.

2006ರ ನವೆಂಬರಿನಲ್ಲಿ ಪೆರೆಗ್ರಿನ್ ಫಂಡ್ ಸಂಸ್ಥೆಯ ಜೀವವಿಜ್ಞಾನಿಗಳು ಉತ್ತರ ಮಡಗಾಸ್ಕರ್‌ನಲ್ಲಿ ಹದ್ದು ಗಿಡುಗಗಳ ಸಮೀಕ್ಷೆ ಮಾಡುತ್ತಿದ್ದಾಗ, ಮಾತ್ಸಾಬೋರಿಮೆನಾ ಎಂಬ ದೂರದ ಸರೋವರದಲ್ಲಿ 9 ದೊಡ್ಡ ಹಕ್ಕಿಗಳನ್ನೂ 4 ಮರಿಗಳನ್ನೂ ಕಂಡರು. ಮುಂದಿನ ಹಲವು ವರ್ಷ ಅಲ್ಲಿದ್ದದ್ದು ಸುಮಾರು 25 ಹಕ್ಕಿ. ಒಳ್ಳೆಯ ಕಾಡಿನ ನಡುವೆ ಇದ್ದರೂ ಸಂಖ್ಯೆ ಏಕೆ ಏರುತ್ತಿಲ್ಲ ಎಂಬ ಪ್ರಶ್ನೆ ಎದ್ದಿತು. ಹೆಣ್ಣುಗಳು ಮೊಟ್ಟೆ ಇಡುತ್ತಿದ್ದವು, ಮರಿಯೂ ಹೊರಬರುತ್ತಿತ್ತು, ಆದರೆ 100ಕ್ಕೆ 96ರಷ್ಟು ಮರಿಗಳು ಎರಡು ಮೂರು ವಾರಕ್ಕೇ ಸಾಯುತ್ತಿದ್ದವು. ಕಾರಣ ಹಸಿವು. ಅದು ಜ್ವಾಲಾಮುಖಿಯ ಕುಳಿಯಲ್ಲಿ ನೀರು ತುಂಬಿ ಆದ ಸರೋವರ. ದಡದಿಂದ ನೇರ ಆಳಕ್ಕೆ ಇಳಿಯುತ್ತದೆ. ದೊಡ್ಡ ಹಕ್ಕಿ ಹೇಗೋ ತಳ ಮುಟ್ಟಿ ಕೆಸರು ಸೋಸಿ ಹುಳು ತಿನ್ನುತ್ತದೆ, ಅಂಗೈಯಗಲದ ಮರಿಗೆ ಅಷ್ಟು ಆಳ ಮುಟ್ಟಲು ಆಗುವುದಿಲ್ಲ. ಮನುಷ್ಯರ ಕಾಟ ಕಡಿಮೆ ಇದ್ದ ಕಾರಣಕ್ಕೆ ಹಕ್ಕಿ ಅಲ್ಲಿ ಉಳಿದಿತ್ತೇ ಹೊರತು ಅದು ಅದಕ್ಕೆ ಒಗ್ಗುವ ಜಾಗವಾಗಿರಲಿಲ್ಲ. ಮಕ್ಕಳಿಗೆ ಹೇಳುವಾಗ ಈ ಒಂದು ಸಂಗತಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಹಕ್ಕಿ ಕೊನೆಗೆ ಉಳಿದಿರುವ ಜಾಗ ಅದಕ್ಕೆ ಅತ್ಯುತ್ತಮವಾದ ಜಾಗ ಎಂದು ತಿಳಿದರೆ ಸಂರಕ್ಷಣೆಯ ಲೆಕ್ಕವೇ ತಪ್ಪುತ್ತದೆ.

2009ರಲ್ಲಿ ಡರೆಲ್ ವನ್ಯಜೀವಿ ಸಂರಕ್ಷಣಾ ಸಂಸ್ಥೆ, ಬ್ರಿಟನ್ನಿನ ವೈಲ್ಡ್‌ಫೌಲ್ ಅಂಡ್ ವೆಟ್‌ಲ್ಯಾಂಡ್ಸ್ ಟ್ರಸ್ಟ್, ಪೆರೆಗ್ರಿನ್ ಫಂಡ್ ಮತ್ತು ಅಲ್ಲಿನ ಸರ್ಕಾರ ಸೇರಿ ಗೂಡಿನಿಂದ ಮೊಟ್ಟೆ ತೆಗೆದು ಕೃತಕ ಕಾವಿನಲ್ಲಿ ಮರಿ ಮಾಡಿಸಿದರು. ಮೊಟ್ಟೆ ತೆಗೆಯುವುದು ಕ್ರೂರವೆನಿಸಬಹುದು. ಆದರೆ ಗೂಡಿನಲ್ಲೇ ಬಿಟ್ಟಿದ್ದರೆ ಆ ಮರಿಗಳಲ್ಲಿ ಹೆಚ್ಚಿನವು ಮೂರು ವಾರ ದಾಟುತ್ತಿರಲಿಲ್ಲ, ಮೇಲಾಗಿ ಬಾತುಗಳು ಮೊದಲ ಮೊಟ್ಟೆ ಕಳೆದುಕೊಂಡರೆ ಎಷ್ಟೋ ಸಲ ಮತ್ತೆ ಇಡುತ್ತವೆ. ಅಂಟ್ಸೋಹಿಹಿ ಎಂಬ ಪಟ್ಟಣದಲ್ಲಿ ಸಾಕುಕೇಂದ್ರ ಕಟ್ಟಿ ಸಂತತಿ ಬೆಳೆಸಿದರು.

ಅಷ್ಟಾದ ಮೇಲೂ ಹಕ್ಕಿಯನ್ನು ತಕ್ಷಣ ಬಿಡಲಿಲ್ಲ. ಬಿಡಲು ಯೋಗ್ಯವಾದ ನೀರು ಬೇಕಿತ್ತು. ಸೋಫಿಯಾ ಎಂಬ, ಅಷ್ಟು ಆಳವಿಲ್ಲದ ಸರೋವರವನ್ನು ಆರಿಸಿ, ಸುತ್ತಲ ಊರುಗಳ ರೈತರು ಮೀನುಗಾರರೊಂದಿಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಬೇಸಾಯ, ಮೀನುಗಾರಿಕೆ ನಿಲ್ಲಿಸಲಿಲ್ಲ, ಮಾಡುವ ಕ್ರಮ ಬದಲಿಸಿದರು. 2018ರ ಡಿಸೆಂಬರಿನಲ್ಲಿ 21 ಹಕ್ಕಿಗಳನ್ನು ಬಿಟ್ಟರು. ಅದಕ್ಕೆ ಮುಂಚೆ ಅವನ್ನು ನೀರಿನ ಮೇಲೆಯೇ ತೇಲುವ ದೊಡ್ಡ ಪಂಜರಗಳಲ್ಲಿ ಇಟ್ಟಿದ್ದರು. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಮೀನು ಸಾಕಲು ಬಳಸುವ ಪಂಜರಗಳನ್ನೇ ಇದಕ್ಕೆ ಮಾರ್ಪಡಿಸಿದ್ದು. ಇದರ ಲಾಭ ಎರಡು: ಮರಿಗಳು ಕೇಂದ್ರದ ತೊಟ್ಟಿಗೆ ಬದಲು ನಿಜವಾದ ಸರೋವರದಲ್ಲಿ ಮುಳುಗಿ ಮೇಯಲು ಕಲಿಯುತ್ತವೆ, ಮತ್ತು ಇದೇ ನಮ್ಮ ಮನೆ ಎಂಬ ನೆನಪು ಕೂರುತ್ತದೆ. ಹಾಗೆ ಕೂರದಿದ್ದರೆ ಬಿಟ್ಟ ದಿನವೇ ಹಾರಿಹೋಗುವ ಅಪಾಯವಿರುತ್ತದೆ. ಬಿಟ್ಟ ಹಕ್ಕಿಗಳು ಮುಂದೆ ಅಲ್ಲೇ ಮರಿಯನ್ನೂ ಮಾಡಿದವು.

ನಮ್ಮ ಕೆರೆಗಳಿಗೆ ಇದರಿಂದ ಸಿಗುವ ಪಾಠ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮ ಕೆರೆಯ ಹೂಳೆತ್ತುವ ಕೆಲಸ ಮಂಜೂರಾಗಿದೆ. ಎಲ್ಲ ಕಡೆ ಒಂದೇ ಸಮ 10 ಅಡಿ ತೋಡಿ, ಸುತ್ತ ಕಲ್ಲು ಕಟ್ಟಬೇಕು ಎಂಬ ಮಾತಿದೆ. ನೀರಂತೂ ಹೆಚ್ಚು ನಿಲ್ಲುತ್ತದೆ. ಹಕ್ಕಿಗಳಿಗೂ ಒಳ್ಳೆಯದಾಗುವ ಹಾಗೆ ಮಾಡಲು ಸಾಧ್ಯವೇ? — ಹಾಸನ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರು

ಉತ್ತರ: ಒಂದೇ ಸಮ 10 ಅಡಿ ತೋಡಿ ಸುತ್ತ ಕಲ್ಲು ಕಟ್ಟಿದರೆ ನೀವು ಕಟ್ಟುವುದು ಮಾತ್ಸಾಬೋರಿಮೆನಾ ಥರದ ಕುಳಿ. ದಡದಲ್ಲೇ ಆಳ ಶುರುವಾಗುತ್ತದೆ, ತಳಕ್ಕೆ ಬೆಳಕಿಲ್ಲ, ಗಿಡವಿಲ್ಲ, ಹುಳುವಿಲ್ಲ. ನಮ್ಮ ಹಳೆಯ ಕೆರೆಗಳ ಆಕಾರವೇ ಬೇರೆ. ತೂಬಿನ ಬಳಿ, ಏರಿಯುದ್ದಕ್ಕೂ ಆಳ. ಅಲ್ಲಿಂದ ಹಳ್ಳ ಬಂದು ಸೇರುವ ಹಿನ್ನೀರಿನ ಕಡೆಗೆ ನಿಧಾನವಾಗಿ ತಗ್ಗುತ್ತಾ ಹೋಗಿ ಕೊನೆಗೆ ಹುಲ್ಲುಗಾವಲಾಗುತ್ತದೆ. ಆ ಆಕಾರವನ್ನು ಉಳಿಸಿಕೊಂಡೇ ಹೂಳೆತ್ತಿ.

ಆಳ ಬೇಕಿದ್ದರೆ ಏರಿಯ ಕಡೆಯ ಅರ್ಧದಲ್ಲಿ ತೋಡಿ. ಕೆರೆ ಕೋಡಿ ಹರಿದ ವರ್ಷ ಹಿನ್ನೀರಿನ ಕಡೆ 1ರಿಂದ 2.5 ಮೀಟರ್ ನೀರು ನಿಲ್ಲುವ ಅಗಲವಾದ ಪಟ್ಟಿಯೊಂದು ಉಳಿಯಬೇಕು, ಅದರಾಚೆ ಮೊಣಕಾಲುದ್ದದ ನೀರಿನ ಪಟ್ಟಿ. ಇಳಿಜಾರು 1 ಅಡಿ ಆಳಕ್ಕೆ 8ರಿಂದ 10 ಅಡಿ ಓಟವಿರಲಿ. ಜಾನುವಾರು ಇಳಿದು ಹತ್ತಲೂ ಇದೇ ಅನುಕೂಲ. ಎಲ್ಲ ಕಡೆ ಒಂದೇ ವರ್ಷ ಹಿಟಾಚಿ ಇಳಿಸಬೇಡಿ, ಮೂರರಲ್ಲಿ ಒಂದು ಪಾಲನ್ನು ಮುಟ್ಟದೆ ಬಿಟ್ಟರೆ ಅಲ್ಲಿಂದ ಗಿಡ, ಬಸವನಹುಳು ಉಳಿದ ಕಡೆಗೆ ಹರಡುತ್ತವೆ. ತೋಡುವ ಜಾಗದಲ್ಲೂ ಮೇಲಿನ ಅರ್ಧ ಅಡಿ ಕೆಸರನ್ನು ಬೇರೆ ತೆಗೆದು ಪಕ್ಕಕ್ಕೆ ಗುಡ್ಡೆ ಹಾಕಿಸಿ, ಕೆಲಸ ಮುಗಿದ ಮೇಲೆ ತಗ್ಗಿನ ಪಟ್ಟಿಯ ಮೇಲೆ ಹರಡಿಸಿ. ಹೈಡ್ರಿಲಾ, ವ್ಯಾಲಿಸ್ನೇರಿಯಾ, ಕಾರಾ ಮುಂತಾದ ನೀರ್ಗಿಡಗಳ ಬೀಜ, ಗೆಡ್ಡೆ ಇರುವುದು ಆ ಪದರದಲ್ಲೇ. ಟಿಪ್ಪರ್‌ನಲ್ಲಿ ಅದು ತೋಟಕ್ಕೆ ಹೋದರೆ ಕೆರೆ ತುಂಬಿದರೂ ಹಲವು ವರ್ಷ ತಳ ಬರಡಾಗಿರುತ್ತದೆ. ಕೆಲಸವನ್ನು ಮಾರ್ಚ್ ಕೊನೆಗೆ ಶುರು ಮಾಡಿ ಮುಂಗಾರಿಗೆ ಮುಂಚೆ ಮುಗಿಸಿ, ವಲಸೆ ಹಕ್ಕಿ ಆಗ ಹೊರಟಿರುತ್ತದೆ.

ಮೊದಲ ತುಂಬುವಿಕೆಯ ನಂತರ ನೀರಿನ ತಿಳಿಯನ್ನು ಅಳೆಯಿರಿ. ಸುಮಾರು 20 ಸೆಂ.ಮೀ. ಅಗಲದ ಬಿಳಿ ಡಬ್ಬಿ ಮುಚ್ಚಳದ ನಡುವೆ ತೂತು ಮಾಡಿ, ಕೆಳಗೆ ಕಲ್ಲು ಕಟ್ಟಿ, 10 ಸೆಂ.ಮೀ.ಗೊಂದು ಗಂಟು ಹಾಕಿದ ಹಗ್ಗದಲ್ಲಿ ನಡುಹಗಲು ನೆರಳಿರುವ ಕಡೆ ಇಳಿಬಿಡಿ. ಕಾಣದಾದ ಆಳವನ್ನು ಬರೆದುಕೊಳ್ಳಿ. ಅಂದಾಜಿಗೆ ಅದರ ಎರಡರಿಂದ ಎರಡೂವರೆ ಪಟ್ಟು ಆಳದವರೆಗೆ ಮಾತ್ರ ತಳದ ಗಿಡಕ್ಕೆ ಬೆಳಕು ಮುಟ್ಟುತ್ತದೆ. 30 ಸೆಂ.ಮೀ.ಗೇ ಮುಚ್ಚಳ ಮಾಯವಾದರೆ ಮುಕ್ಕಾಲು ಮೀಟರಿನಾಚೆ ಗಿಡ ನಿರೀಕ್ಷಿಸಬೇಡಿ. ಆಗ ರಾಡಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಹೆಚ್ಚಾಗಿ ಅದು ಹಳ್ಳ ಸೇರುವ ಬಾಯಲ್ಲಿ ಜೊಂಡನ್ನು ಪೂರ್ತಿ ಕಿತ್ತುಹಾಕಿದ್ದರಿಂದ ಇಲ್ಲವೇ ಕಾಮನ್ ಕಾರ್ಪ್ ಮೀನು ಹೆಚ್ಚಾಗಿದ್ದರಿಂದ. ಆ ಮೀನು ತಳದ ಕೆಸರನ್ನು ಕೆದಕಿಯೇ ತಿನ್ನುತ್ತದೆ.

ನಡೆಯುವ ದಾರಿಯನ್ನು ಏರಿಯ ಮೇಲೆ ಮಾತ್ರ ಮಾಡಿಸಿ. ಹಿನ್ನೀರಿನ ಕಡೆ ದಾರಿ, ದೀಪ, ದೋಣಿ ಯಾವುದೂ ಬೇಡ.

ಪ್ರಶ್ನೆ: ಕೆರೆಯ ಮೀನು ಪಾಶುವಾರು, ಅಂದರೆ ಮೀನು ಹಿಡಿಯುವ ಹಕ್ಕು, ನಮ್ಮ ಸಂಘದ್ದು. ಬಾತುಗಳು ಮೀನುಮರಿ ತಿಂದು ನಷ್ಟ ಮಾಡುತ್ತವೆಯೇ? ಕೆಲವೊಮ್ಮೆ ಬಲೆಗೂ ಬೀಳುತ್ತವೆ, ಏನು ಮಾಡಬೇಕು? — ಜಾವಗಲ್ ಕಡೆಯ ಮೀನುಗಾರರು

ಉತ್ತರ: ನೀವು ಬರೆದು ಕೇಳಿದ್ದಕ್ಕೆ ಕೃತಜ್ಞತೆ. ಪೋಚಾರ್ಡ್, ಜುಟ್ಟಿನ ಬಾತುಗಳಿಂದ ಮೀನಿಗೆ ಲೆಕ್ಕಕ್ಕೆ ಬರುವ ನಷ್ಟವಿಲ್ಲ. ಮೀನು ಹಿಡಿಯುವುದು ನೀರುಕಾಗೆ, ಅದರ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಬಾತಿನ ಚಪ್ಪಟೆ ಕೊಕ್ಕು ಸೋಸುವುದಕ್ಕೆ ಆದದ್ದು.

ಬಲೆಯ ವಿಷಯ ಗಂಭೀರ. ಸಂಜೆ ಕಟ್ಟಿ ಬೆಳಿಗ್ಗೆ ಎತ್ತುವ ಸಣ್ಣೆಳೆಯ ನೈಲಾನ್ ಬಲೆ ನೀರಿನಲ್ಲಿ ಕಾಣುವುದೇ ಇಲ್ಲ, ಮತ್ತು ಮುಳುಗುಬಾತು ಮೇಯುವುದೂ ಅದೇ ಹೊತ್ತಿನಲ್ಲಿ. ಮುಳುಗಿದ ಹಕ್ಕಿ ಸಿಕ್ಕಿಕೊಂಡರೆ ಒಂದೆರಡು ನಿಮಿಷದಲ್ಲಿ ಉಸಿರುಗಟ್ಟುತ್ತದೆ. ಇದಕ್ಕೆ ಪರಿಹಾರ ಕಷ್ಟವಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ರಾತ್ರಿಯ ಬಲೆಯನ್ನು ಏರಿಯ ಬಳಿಯ ಆಳದಲ್ಲಿ, 3 ಮೀಟರಿಗಿಂತ ಹೆಚ್ಚು ನೀರಿರುವಲ್ಲಿ ಮಾತ್ರ ಕಟ್ಟಿ. ಹಿನ್ನೀರಿನ ಗಿಡದ ಪಟ್ಟಿಯಲ್ಲಿ ಕಟ್ಟಲೇಬೇಕಾದರೆ ಬೆಳಿಗ್ಗೆ ಬೆಳಕಾದ ಮೇಲೆ ಕಟ್ಟಿ ಸಂಜೆಗೆ ಮುಂಚೆ ಎತ್ತಿಬಿಡಿ. ಹರಿದ ಬಲೆಯನ್ನು ನೀರಿನಲ್ಲಿ ಬಿಡಬೇಡಿ, ಅದು ತಿಂಗಳುಗಟ್ಟಲೆ ಕೊಲ್ಲುತ್ತಲೇ ಇರುತ್ತದೆ. ಬಲೆಯ ಸೀಸದ ಗುಂಡು ಕಳಚಿ ಬಿದ್ದಿದ್ದರೆ ಕೆರೆ ಇಳಿದಾಗ ಹೆಕ್ಕಿ ತೆಗೆಯಿರಿ. ಬಾತುಗಳು ಆಹಾರ ಅರೆಯಲೆಂದು ಹರಳು ನುಂಗುತ್ತವೆ, ಸೀಸದ ಚೂರನ್ನೂ ಹರಳೆಂದೇ ನುಂಗುತ್ತವೆ. ಅದು ಹೊಟ್ಟೆಯಲ್ಲಿ ಸವೆದು ರಕ್ತಕ್ಕೆ ಸೇರಿ ಹಕ್ಕಿ ಬಡಕಲಾಗಿ ಸಾಯುತ್ತದೆ.

ಜೀವಂತ ಸಿಕ್ಕಿದ ಹಕ್ಕಿಯನ್ನು ಬಿಡಿಸುವಾಗ ಮೊದಲು ತಲೆಗೆ ಹಗುರ ಬಟ್ಟೆ ಮುಚ್ಚಿ, ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿಯಿರಿ, ಎದೆಯನ್ನು ಬಿಗಿಯಬೇಡಿ. ಎಳೆಯುವುದಕ್ಕಿಂತ ಕತ್ತರಿಯಲ್ಲಿ ಎಳೆ ಕತ್ತರಿಸಿ. ರೆಕ್ಕೆಯ ಬುಡದಲ್ಲಿ, ನಾಲಿಗೆಯಡಿ, ಬೆರಳುಗಳ ನಡುವೆ ತುಂಡು ಎಳೆ ಉಳಿದಿದೆಯೇ ನೋಡಿ. ಬಾಯಿಗೆ ನೀರು ಹುಯ್ಯಬೇಡಿ. ಗರಿ ಒದ್ದೆಯಾಗಿ ಅಂಟಿಕೊಂಡಿದ್ದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಬಟ್ಟೆಯ ಮೇಲೆ ಒಂದೆರಡು ಗಂಟೆ ಇಟ್ಟು, ಮೈ ಒಣಗಿದ ಮೇಲೆ ನೀರಿನಂಚಿಗೆ ಇಳಿಸಿ. ಗಾಳಿಗೆ ಎಸೆಯಬೇಡಿ. ಓಡಲು ನೀರಿಲ್ಲದೆ ಅದು ಏಳಲಾರದು, ಬಿದ್ದು ಎದೆಮೂಳೆ ಮುರಿದುಕೊಳ್ಳುತ್ತದೆ. ಗಾಯವಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ. ಬಲೆಗೆ ಬಿದ್ದದ್ದನ್ನು ಸಾರಿಗೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೆಂಬುದು ಸಂಘದ ಎಲ್ಲರಿಗೂ ಗೊತ್ತಿರಲಿ.

ಇನ್ನೊಂದು ಮಾತು. ಹುಲ್ಲುಗೆಂಡೆ, ಅಂದರೆ ಗ್ರಾಸ್ ಕಾರ್ಪ್ ಮರಿಯನ್ನು ಹೆಚ್ಚು ಬಿಟ್ಟ ಕೆರೆಯಲ್ಲಿ ನೀರ್ಗಿಡ ಉಳಿಯುವುದಿಲ್ಲ, ಗಿಡ ಹೋದರೆ ಮುಳುಗುಬಾತೂ ಬರುವುದಿಲ್ಲ. ಕಾಟ್ಲಾ, ರೋಹು ಜಾಸ್ತಿ ಬಿಟ್ಟು ಇದನ್ನು ಕಡಿಮೆ ಮಾಡಲು ಸಾಧ್ಯವೇ ಎಂದು ಸಂಘದಲ್ಲಿ ಮಾತಾಡಿ.

ಪ್ರಶ್ನೆ: ಕೆರೆ ಅಂದವಾಗಿ ಕಾಣಲೆಂದು ಪಟ್ಟಣದ ಅಂಗಡಿಯಿಂದ ಬಣ್ಣದ ವಿದೇಶಿ ಬಾತುಗಳನ್ನು ತಂದು ಬಿಡಬೇಕೆಂದು ನಮ್ಮ ಯುವಕ ಸಂಘದ ಯೋಚನೆ. ತಪ್ಪೇನು? — ಬೇಲೂರಿನ ಓದುಗರು

ಉತ್ತರ: ದಯವಿಟ್ಟು ಬೇಡ. ಬಿಳಿತಲೆಯ ಬಾತು ಎಂಬ ಮುಳುಗುಬಾತಿನ ಕಥೆ ಕೇಳಿ. ಗಂಡಿಗೆ ನೀಲಿ ಕೊಕ್ಕು, ನೆಟ್ಟಗೆ ಎದ್ದ ಗಟ್ಟಿ ಬಾಲ. ಸ್ಪೇನ್‌ನಿಂದ ಮಧ್ಯ ಏಷ್ಯಾದವರೆಗೆ ಅಲ್ಲಲ್ಲಿ ಇರುವ ಇದು ಅಳಿವಿನಂಚಿನ ಹಕ್ಕಿ. ಬೇಟೆ ಮತ್ತು ಜೌಗು ಬತ್ತಿಸಿದ್ದರಿಂದ 1977ರಲ್ಲಿ ಸ್ಪೇನಿನಲ್ಲಿ 22 ಮಾತ್ರ ಉಳಿದಿದ್ದವು. ಬೇಟೆ ನಿಲ್ಲಿಸಿ ಕೆರೆಗಳನ್ನು ಕಾಪಾಡಿದ ಮೇಲೆ ಸಾವಿರಗಳಿಗೆ ಏರಿತು. ಅಷ್ಟರಲ್ಲಿ ಹೊಸ ಅಪಾಯ ಬಂತು. 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸ್ಲಿಂಬ್ರಿಜ್‌ಗೆ ಅಮೆರಿಕದ ರಡ್ಡಿ ಬಾತುಗಳನ್ನು ಸಾಕಲು ತಂದಿದ್ದರು. ಕೆಲವು ಹಾರಿ ತಪ್ಪಿಸಿಕೊಂಡವು. 2000ದ ಹೊತ್ತಿಗೆ ಬ್ರಿಟನ್ನಿನಲ್ಲಿ ಅವುಗಳ ಸಂಖ್ಯೆ ಸುಮಾರು 6,000. ಅಲ್ಲಿಂದ ಸ್ಪೇನಿಗೆ ಹಾರಿಬಂದು ಬಿಳಿತಲೆಯ ಬಾತಿನೊಂದಿಗೆ ಕೂಡಿ ಬೆರಕೆ ಮರಿ ಮಾಡತೊಡಗಿದವು. ಆ ಬೆರಕೆ ಮರಿಗಳಿಗೂ ಸಂತಾನವಾಗುತ್ತದೆ, ಹಾಗಾಗಿ ಬಿಟ್ಟರೆ ಮೂಲ ಜಾತಿಯೇ ಕರಗಿಹೋಗುತ್ತಿತ್ತು. ಕೊನೆಗೆ 2005ರಿಂದ ಬ್ರಿಟನ್ ಸಾವಿರಾರು ರಡ್ಡಿ ಬಾತುಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಆ ಹಕ್ಕಿಗಳ ತಪ್ಪೇನೂ ಇರಲಿಲ್ಲ.

ಸಾಕುಬಾತು ಬಿಟ್ಟರೂ ಬೆರಕೆ, ರೋಗ ಎರಡೂ ಆಗುತ್ತವೆ. ನಮ್ಮ ಚುಕ್ಕೆಕೊಕ್ಕಿನ ಬಾತು ಸಾಕುಬಾತಿನೊಂದಿಗೆ ಸುಲಭವಾಗಿ ಕೂಡುತ್ತದೆ.

ಪ್ರಶ್ನೆ: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರಿಗೂ ಬಾತಿಗೂ ಸಂಬಂಧವಿದೆಯೇ? ನಮ್ಮ ತೋಟದ ಹಳ್ಳ ಕೆಳಗಿನ ಕೆರೆಗೆ ಹೋಗುತ್ತದೆ. — ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರರು

ಉತ್ತರ: ನೇರ ಸಂಬಂಧವಿದೆ. ಕಾಫಿ ಕೊಯ್ದು ಪಲ್ಪಿಂಗ್ ಮಾಡುವ ತಿಂಗಳುಗಳೇ ವಲಸೆ ಬಾತು ಇಲ್ಲಿರುವ ತಿಂಗಳುಗಳು, ಹಳ್ಳದಲ್ಲಿ ನೀರು ಇಳಿಯುವ ಕಾಲವೂ ಅದೇ. ಹಣ್ಣಿನ ಸಕ್ಕರೆ, ಲೋಳೆ ಸೇರಿದ ನೀರು ಹುಳಿತು ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಹುಳಿ ನೀರಿನಲ್ಲಿ ಬಸವನಹುಳುವಿನ ಚಿಪ್ಪು ಸವೆಯುತ್ತದೆ, ತಳದ ಕೀಟದ ಮರಿಗಳು ಸಾಯುತ್ತವೆ. ಮೇಲೆ ನೋಡಿದರೆ ಕೆರೆ ತುಂಬಿದೆ, ತಳದಲ್ಲಿ ಊಟವಿಲ್ಲ.

ಸಿಪ್ಪೆಯನ್ನು ಜಾಲರಿಯಲ್ಲಿ ಸೋಸಿ ಗೊಬ್ಬರದ ಗುಂಡಿಗೆ ಹಾಕಿ, ಪಲ್ಪಿಂಗ್ ನೀರನ್ನು ಅದೇ ದಿನ ಮತ್ತೆ ಬಳಸಿ, ಒಟ್ಟು ಪ್ರಮಾಣ ಇಳಿಯುತ್ತದೆ. ಉಳಿದದ್ದನ್ನು ತೊಟ್ಟಿಯಲ್ಲಿ ಸುಣ್ಣ ಹಾಕಿ ಪಿಎಚ್ ಕಾಗದ 7 ತೋರಿಸುವವರೆಗೆ ಕಲಕಿ, ನಂತರ ಲಗೂನ್‌ಗಳಿಗೆ (ನೀರು ನಿಲ್ಲಿಸುವ ಗುಂಡಿಗಳಿಗೆ) ಬಿಟ್ಟು, ಅಲ್ಲಿಂದ ತೋಟಕ್ಕೇ ಹರಿಸಿ, ಹಳ್ಳಕ್ಕೆ ಬೇಡ. ಸುಣ್ಣವನ್ನು ಹೆಂಟೆಯಾಗಿ ಸುರಿದರೆ ತಳಕ್ಕೆ ಕೂತು ಮೇಲಿನ ನೀರು ಹುಳಿಯಾಗಿಯೇ ಉಳಿಯುತ್ತದೆ, ಮೊದಲು ಬಕೆಟಿನಲ್ಲಿ ತಿಳಿ ಮಾಡಿ ಹಾಕಬೇಕು. ಲಗೂನ್‌ನ್ನು ಅಂಚಿನವರೆಗೆ ತುಂಬಿಸಿದರೆ ಜನವರಿಯ ಒಂದು ಅಕಾಲದ ಮಳೆಗೆ ಎಲ್ಲ ಹಳ್ಳಕ್ಕೆ ಹೋಗುತ್ತದೆ, 2 ಅಡಿ ಖಾಲಿ ಬಿಡಿ. ಗುಂಡಿಯ ಅಳತೆಯನ್ನು ನಿಮ್ಮ ಕೊಯ್ಲಿನ ಪ್ರಮಾಣಕ್ಕೆ ಲೆಕ್ಕ ಹಾಕಲು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಸಲಹೆ ಪಡೆಯಿರಿ.

ಪ್ರಶ್ನೆ: ಕೆರೆಯಲ್ಲಿ ಒಮ್ಮೆಗೇ ಹಲವು ಬಾತು ಸತ್ತು ತೇಲಿದರೆ? — ತರೀಕೆರೆಯ ಓದುಗರು

ಉತ್ತರ: ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳು, ನಾಯಿ, ಮನೆಕೋಳಿ ಕೆರೆಯತ್ತ ಹೋಗದಂತೆ ನೋಡಿ. ಪಶು ಆಸ್ಪತ್ರೆಗೂ ಅರಣ್ಯ ಇಲಾಖೆಗೂ ಅಂದೇ ತಿಳಿಸಿ. ಹಕ್ಕಿಜ್ವರವೋ ಅಲ್ಲವೋ ಎಂಬುದು ಪ್ರಯೋಗಾಲಯದಲ್ಲೇ ತಿಳಿಯಬೇಕು. ಬೇಸಿಗೆಯಲ್ಲಿ ನೀರು ಇಳಿದು ಕೊಳೆತಾಗ ಬರುವ ಬಾಟುಲಿಸಂ ಎಂಬ ವಿಷಬಾಧೆಯಲ್ಲಿ ಹಕ್ಕಿಯ ಕತ್ತು ಬಿಗಿ ಕಳೆದುಕೊಂಡು ನೀರಿಗೆ ಜೋತುಬೀಳುತ್ತದೆ. ಹೆಣದಲ್ಲಿ ಬೆಳೆದ ಹುಳುಗಳಲ್ಲಿ ವಿಷ ಸೇರಿರುತ್ತದೆ, ಅವನ್ನು ತಿಂದ ಆರೋಗ್ಯವಂತ ಬಾತೂ ಸಾಯುತ್ತದೆ. ಅದಕ್ಕೇ ಇಲಾಖೆಯವರು ಬಂದು ಹೆಣಗಳನ್ನು ಬೇಗ ತೆಗೆಯುವುದು ಮುಖ್ಯ. ತಿಳಿಸುವಾಗ ಎಷ್ಟು ಹಕ್ಕಿ, ಯಾವ ಜಾತಿ, ಎಂದಿನಿಂದ ಎಂಬುದನ್ನು ಹೇಳಿ, ದೂರದಿಂದ ಫೋಟೊ ತೆಗೆದಿಡಿ.

ಪ್ರಶ್ನೆ: ಬೇಯರ್ ಪೋಚಾರ್ಡ್ ನಮ್ಮ ಕಡೆ ಕಂಡೀತೇ? — ಚನ್ನರಾಯಪಟ್ಟಣದ ಓದುಗರು

ಉತ್ತರ: ನಿರೀಕ್ಷಿಸಬೇಡಿ. ಅದು ರಷ್ಯಾದ ಪೂರ್ವ ತುದಿ ಮತ್ತು ಚೀನಾದ ಹಕ್ಕಿ. ಹಿಂದೆ ಚಳಿಗಾಲಕ್ಕೆ ಅಸ್ಸಾಂ, ಮಣಿಪುರ, ಬಾಂಗ್ಲಾದೇಶದವರೆಗೆ ಬರುತ್ತಿತ್ತು. 2012ರಿಂದ ಅತ್ಯಂತ ಗಂಭೀರ ಅಪಾಯದ ಪಟ್ಟಿಯಲ್ಲಿದೆ. ಗಂಡಿನ ತಲೆಗೆ ಹಸಿರು ಹೊಳಪಿರುತ್ತದೆ, ಪಕ್ಕೆಯ ಬಿಳಿ ನೀರಿನ ಮೇಲೂ ಕಾಣುತ್ತದೆ. ಬಿಳಿಗಣ್ಣಿನ ಪೋಚಾರ್ಡಿನಲ್ಲಿ ಈ ಎರಡೂ ಇಲ್ಲ.

ಪ್ರಶ್ನೆ: ನೀರುಹಕ್ಕಿಗಳ ಎಣಿಕೆಯಲ್ಲಿ ನಾವೂ ಸೇರಬಹುದೇ? — ಸಖರಾಯಪಟ್ಟಣದ ಓದುಗರು

ಉತ್ತರ: ಖಂಡಿತ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾ ನೀರುಹಕ್ಕಿ ಗಣತಿ ನಡೆಯುತ್ತದೆ. ಅಯ್ಯನಕೆರೆಯಂಥ ದೊಡ್ಡ ಕೆರೆಗೆ ಇಬ್ಬರು ಮೂವರು ಬೇಕು: ಒಬ್ಬರು ದುರ್ಬೀನಿನಲ್ಲಿ ನೋಡಿ ಹೇಳುವುದು, ಒಬ್ಬರು ಬರೆಯುವುದು. ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಿ. ಮುಳುಗುಬಾತು ಎಣಿಸುವಾಗ ಗುಂಪನ್ನು ಮೂರು ಸಲ ಎಣಿಸಿ, ಅತಿ ಹೆಚ್ಚು ಬಂದ ಸಂಖ್ಯೆಯನ್ನು ಬರೆಯಿರಿ, ಏಕೆಂದರೆ ಪ್ರತಿ ಸಲವೂ ಕೆಲವು ನೀರಿನಡಿ ಇರುತ್ತವೆ. ಪೋಚಾರ್ಡ್ ಕಂಡರೆ ಗಂಡು ಹೆಣ್ಣುಗಳಿಗೆ ಬೇರೆ ಬೇರೆ ಅಂಕಣ ಮಾಡಿ. ನೆಲದ ಮೇಲೂ ಜೊಂಡಿನಲ್ಲೂ ಕಾವು ಕೂರುವ ಹೆಣ್ಣುಗಳೇ ಹೆಚ್ಚು ಬಲಿಯಾಗುತ್ತವೆ. ಯುರೋಪಿನ ಚಳಿಗಾಲದ ಗುಂಪುಗಳಲ್ಲಿ ಗಂಡಿನ ಪಾಲು ಏರುತ್ತಿದೆ. ಹೆಣ್ಣುಗಳು ಗಂಡಿಗಿಂತ ಹೆಚ್ಚು ದಕ್ಷಿಣಕ್ಕೆ ಬರುವ ಹಕ್ಕಿ ಇದು, ಹಾಗಾಗಿ ದಕ್ಷಿಣದ ಕೆರೆಗಳ ಆ ಎರಡನೆಯ ಅಂಕಣಕ್ಕೆ ಬೆಲೆ ಹೆಚ್ಚು.